ಯಾವತ್ತಾದರೂ

ನಮೂನೆಯಲ್ಲಿ ಆ ಪ್ರಶ್ನೆಗೆ ಚೌಕವಿಲ್ಲ.
ಹೆಸರು, ಗಂಡನ ಹೆಸರು, ಆಧಾರ್, ಫೋನು,
ಹೆತ್ತದ್ದೆಷ್ಟು, ಉಳಿದದ್ದೆಷ್ಟು,
ಮುಟ್ಟು ನಿಂತು ಎಷ್ಟು ವರ್ಷ.
ಮಿಕ್ಕಿದ್ದನ್ನು ಡಾಕ್ಟರಮ್ಮ ಬಾಯಲ್ಲೇ ಕೇಳುತ್ತಾಳೆ,
ಪರದೆಯ ಒಳಗೆ, ಮೆಲ್ಲಗೆ:
ಯಾವತ್ತಾದರೂ?

ಶಿಡ್ಲಘಟ್ಟದಲ್ಲಿ ಒಂದು ಮಾತು
ಒಂದೇ ಭಾಷೆಯಲ್ಲಿ ಹೇಳಿದರೆ ಸಾಲದು.
ನಾನು ತಿರುಗಿಸಿ ಕೊಡಬೇಕು,
ಪಿಳ್ಳಮುನಿಯಮ್ಮನಿಗೆ, ಎಪ್ಪುಡನ್ನಾ?
ಗೌಹರ್ ಬೀಗೆ, ಕಭೀ ಭೀ?

ಪಿಳ್ಳಮುನಿಯಮ್ಮನ ಗಂಡ ವಿಜಯಪುರದಲ್ಲಿ
ಇನ್ನೊಂದು ಮನೆ ಹೂಡಿ ಹದಿನೈದು ವರ್ಷ.
"ಐದು ಹೆತ್ತೀನಲ್ಲೇ," ಅಂದಳು,
"ಇನ್ನೆಂಥ ಸಾಕ್ಷಿ ಬೇಕು ನಿಮ್ಮಮ್ಮನಿಗೆ?"

ಗೌಹರ್ ಬೀ ಫಿಲೇಚರಿನಿಂದ ನೇರ ಬಂದವಳು,
ಗೂಡು ಬೇಯುವ ವಾಸನೆ ಸೆರಗಿನ ಜೊತೆಗೇ ಬಂದಿತ್ತು,
ನೀರಲ್ಲಿ ನೆಂದು ನೆಂದು ಸುಕ್ಕಾದ ಬೆರಳು.
"ಅವರು ಹೋಗಿ ಇಪ್ಪತ್ತೆರಡು ವರ್ಷ ಸಿಸ್ಟರ್,
ಮುಚ್ಚಿದ ಅಂಗಡಿಗೆ ಯಾರಾದ್ರೂ ತಪಾಸಣೆ ಮಾಡ್ತಾರಾ?"
ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ.
ಡಾಕ್ಟರಮ್ಮ ನಕ್ಕು ಮುಗಿಸಿ ಹೇಳಿದಳು:
ಆ ವೈರಸ್ಸು ನಲವತ್ತನೇ ದಿನದ ಲೆಕ್ಕ ಇಡಲ್ಲಮ್ಮ.
ಎಷ್ಟೋ ಜನರಿಂದ ತಾನಾಗೇ ಎದ್ದು ಹೋಗುತ್ತೆ,
ಕೆಲವರಲ್ಲಿ ಬಾಡಿಗೆ ಕೊಡದೆ, ಸದ್ದು ಮಾಡದೆ
ಹತ್ತು ವರ್ಷ, ಇಪ್ಪತ್ತು ವರ್ಷ ಕೂತಿರುತ್ತೆ.
ಈಗ ಏನಿದೆ ಅಂತ ನಾನು ಕೇಳ್ತಿಲ್ಲ.
ಯಾವತ್ತಾದರೂ ಅಂತ ಕೇಳ್ತಿದೀನಿ.

ಮೂರೂವರೆಗೆ ಪ್ರಭಾಮಣಿ ಟೀಚರ್.
ಅರ್ಧ ದಿನ ಸಿ.ಎಲ್. ಹಾಕಿ,
ಇಸ್ತ್ರಿ ಹೊಡೆದ ಸೀರೆಯಲ್ಲಿ, ಬೆನ್ನು ನೆಟ್ಟಗೆ.
ಯಾವತ್ತಾದರೂ?
"ಇಲ್ಲ."
ಯಾವ ಥರದ ಮುಟ್ಟುವಿಕೆಯೂ?
"ಇಲ್ಲ," ಹಾಜರಿ ಕೂಗುವ ದನಿಯಲ್ಲೇ.
ಹಾಗಾದರೆ ನಿಮಗೆ ಇದರ ಅಗತ್ಯ ತೀರ ಕಡಿಮೆ.
ಬೇಕೇ ಬೇಕೆಂದರೆ ನೋಡೋಣ.
ಹೊತ್ತಲ್ಲದ ಹೊತ್ತಲ್ಲಿ ರಕ್ತ ಕಂಡರೆ ಮಾತ್ರ
ಯಾವ ಶಿಬಿರಕ್ಕೂ ಕಾಯಬೇಡಿ, ಬನ್ನಿ.
ಟೀಚರ್ ತಲೆಯಾಡಿಸಿದರು, ಏಳಲಿಲ್ಲ.
"ಇಲ್ಲೂ ನನಗೆ ವಿನಾಯಿತಿ," ಅಂದರು ಕೊನೆಗೆ,
ಅದು ತಮಾಷೆಯೋ ಅಲ್ಲವೋ ತಿಳಿಯದೆ
ನಾನು ಚಪ್ಪಲಿ ಹುಡುಕಿಕೊಟ್ಟೆ.

ಆಗ ರಿಜಿಸ್ಟರು ತಿರುವಿದೆ.
ಹನ್ನೊಂದು ವರ್ಷದಿಂದ ನನ್ನದೇ ಅಕ್ಷರ.
ಅವಿವಾಹಿತೆ ಅಂತ ಬರೆದ ಕಡೆಯೆಲ್ಲ, ಪಕ್ಕದಲ್ಲಿ,
ನೀಲಿ ಶಾಯಿ, ಗುಂಡು ಗುಂಡಾಗಿ:
ಅನ್ವಯಿಸುವುದಿಲ್ಲ.
ಯಾರನ್ನೂ ಕೇಳಿದ್ದಿಲ್ಲ. ಕೇಳಿದರೆ
ನಾಲಿಗೆ ಸುಟ್ಟೀತು ಅನ್ನುವ ಹಾಗೆ ದಾಟಿಸಿದ್ದೆ.
ಸಿಬ್ಬಂದಿಯ ಪುಟದಲ್ಲಿ ಆರನೇ ಹೆಸರು ನನ್ನದು.
ಅಲ್ಲೂ ಅದೇ ಶಾಯಿ, ಅದೇ ಗುಂಡು.

ಚಿಂತಾಮಣಿ ರಸ್ತೆ. ತಗಡಿನ ಮಾಡು.
ಟ್ರೈನಿಂಗ್ ಮುಗಿದ ವರ್ಷ, ಮೂರು ತಿಂಗಳು.
ಮಾವಿನ ಲಾರಿ ಹೋದಾಗ ಕಿಟಕಿಯೆಲ್ಲ ನಡುಗುತ್ತಿತ್ತು.
ಇಷ್ಟು ಸಾಕು. ಇದಕ್ಕಿಂತ ಹೆಚ್ಚು
ಯಾವ ಡಾಕ್ಟರಿಗೂ ಬೇಕಾಗುವುದಿಲ್ಲ.

ಐದು ಗಂಟೆ. ಟ್ರೇ ತೊಳೆಯಲು ಆಯಾ ಬಂದಳು.
"ಎಷ್ಟು ಉಳಿದ್ರು ಸಿಸ್ಟರ್?"
ಒಬ್ಬರು, ಅಂದೆ.
"ಎಲ್ಲಿ?"
ನಾನೇ ಪರದೆ ಎಳೆದೆ.
ನಲವತ್ತು ಜನರಿಗೆ ಹೇಳಿದ್ದನ್ನೇ ನನಗೆ ಹೇಳಿಕೊಂಡೆ,
ಮೊಣಕಾಲು ಸಡಿಲ ಬಿಡಿ, ಉಸಿರು ಹಿಡಿಯಬೇಡಿ,
ಹೇಳುವಷ್ಟು ಸುಲಭವಲ್ಲ ಅದು, ಈಗ ಗೊತ್ತಾಯಿತು.
ಡಾಕ್ಟರಮ್ಮ ಕೇಳಿದಳು. ಕೇಳಲೇಬೇಕಲ್ಲ.
ಮೂರು ಭಾಷೆಯಲ್ಲಿ ಬರುವ ಪದ,
ಒಂದರಲ್ಲೂ ಉತ್ತರ ಬರಲಿಲ್ಲ.
ತಲೆಯಾಡಿಸಿದೆ. ಅವಳು ಬೇರೇನೂ ಕೇಳಲಿಲ್ಲ.

ಹತ್ತಿಯುಂಡೆ ತಣ್ಣಗಿತ್ತು. ಹುಳಿ ವಾಸನೆ,
ಉಪ್ಪಿನಕಾಯಿ ಜಾಡಿ ತೆರೆದ ಹಾಗೆ.
ಒಂದು ನಿಮಿಷ ಬಿಡಬೇಕು,
ಬೆಳ್ಳಗಾಗುತ್ತೋ ಇಲ್ಲವೋ ನೋಡಲು.

ಗೋಡೆಯಾಚೆ ಗೌಹರ್ ಬೀ ಇನ್ನೂ ಹೋಗಿಲ್ಲ,
ಆಟೋದವನ ಜೊತೆ ಹತ್ತು ರೂಪಾಯಿಗೆ ಜಗಳ.
ಅದನ್ನೇ ಕೇಳುತ್ತ ಮಲಗಿದ್ದೆ.