ಮುಳ್ಳು, ಮೂಳೆ

ಗ್ರಿಮ್ಸ್‌ಬಿ ಆಸ್ಪತ್ರೆ, ಮಂಗಳವಾರ, ದಿನದ ಮೊದಲ ಸ್ಕ್ಯಾನು.
ಗ್ಲೆನಿಸ್ ಹಾರ್ಕರ್, ಎಪ್ಪತ್ತೊಂದು. ಎತ್ತರ ಅಳೆದೆ:
ಹಳೆಯ ಚೀಟಿಗಿಂತ ಎರಡಿಂಚು ಕಡಿಮೆ.
"ಹಾಗಾದರೆ ಬೆಳೆದದ್ದು ನನ್ನ ಅಡುಗೆಮನೆ ಕಪಾಟಲ್ಲ," ಎಂದಳು.

ಹೆಗಲ ನೋವಿಗೆಂದು ಒಂಬತ್ತು ವರ್ಷ ನುಂಗಿದ ಸ್ಟೀರಾಯ್ಡು
ನೋವನ್ನು ಹೊರಗೆ ಕಳಿಸಿ, ಬಾಡಿಗೆ ಬಾಕಿಗೆಂದು
ಗೋಡೆಯ ಸುಣ್ಣವನ್ನೇ ಕೆರೆದುಕೊಂಡಿದೆ.
ಎದೆಯುರಿಗೊಂದು ಮಾತ್ರೆ, ಥೈರಾಯ್ಡಿಗೊಂದು,
ಹಾಲು ಒಗ್ಗದ ಹೊಟ್ಟೆ,
ಅಕ್ಟೋಬರಿನಿಂದ ತಲೆಮರೆಸಿಕೊಂಡ ಸೂರ್ಯ.
ಯಾರ ಹೆಸರು ಬರೆಯಲಿ?

ಯಂತ್ರದ ತೋಳು ಅವಳ ಸೊಂಟದ ಮೇಲೆ
ಇಸ್ತ್ರಿಪೆಟ್ಟಿಗೆಯಂತೆ ಸರಿಯುತ್ತದೆ.
ಬಿಳಿ ಇರಬೇಕಾದಲ್ಲಿ ಬೂದಿ.
ನನಗೆ ಕಾಣುತ್ತದೆ; ಹೇಳುವಂತಿಲ್ಲ.
ಎಲುಬಿಲ್ಲದ ನಾಲಿಗೆಯನ್ನು
ಹಲ್ಲಿನ ಹಿಂದೆ ಕೂರಿಸಿದ್ದೇನೆ.

ಮಾತೆಲ್ಲ ಅವಳದೇ: ಮೂವತ್ತು ವರ್ಷ
ಬಂದರಿನ ಶೆಡ್ಡಿನಲ್ಲಿ, ಐಸುನೀರಿನಲ್ಲಿ ಕೈಯಿಟ್ಟು,
ಹ್ಯಾಡಕ್ ಮೀನಿನ ಮೂಳೆ ಒಂದೊಂದೇ ಕಿತ್ತದ್ದು.
ಒಂದು ಉಳಿದರೂ ಸಂಬಳಕ್ಕೆ ಕತ್ತರಿ.
"ಈಗ ಡಾಕ್ಟರು ಹೇಳ್ತಾರೆ,
ಡಬ್ಬಿಯ ಸಾರ್ಡೀನು ತಿನ್ನು, ಮೂಳೆ ಸಮೇತ!"
ನಕ್ಕಳು. ಚಿತ್ರ ಕದಲಿತು.
ಅಲುಗಬೇಡಿ, ಎಂದೆ.

ನಮ್ಮ ಭಟ್ಕಳದಲ್ಲಿ ಮೀನಿಗೆ ಮೂಳೆಯಿಲ್ಲ, ಮುಳ್ಳು.
ಅದನ್ನು ಇವಳಿಗೆ ಹೇಗೆ ಹೇಳುವುದೆಂದು ಯೋಚಿಸುವಷ್ಟರಲ್ಲಿ
ಸ್ಕ್ಯಾನು ಮುಗಿದಿತ್ತು.

"ಹೇಗಿದೆ?"
ವರದಿ ಎರಡು ವಾರದಲ್ಲಿ ಬರುತ್ತದೆ.
ಕೋಟು ತೊಡಿಸುವಾಗ ನನ್ನ ಮಣಿಕಟ್ಟು ಹಿಡಿದಳು.
ಹಳೆಯ ಕಸುಬಿನ ಹೆಬ್ಬೆರಳು
ಒತ್ತುತ್ತಾ, ಹುಡುಕುತ್ತಾ, ಮೊಣಕೈವರೆಗೆ ಹೋಯಿತು.
"ನಿನ್ನದು ಗಟ್ಟಿಯಿದೆ," ಎಂದಳು,
ಎರಡು ವಾರ ಕಾಯಿಸದೆ.