ಮೂರನೆಯ ರೀಲು

ಜುಲೈ ಬಂತೆಂದರೆ ಎಸೆನ್‌ಕುಲ್ ಬರುತ್ತಿದ್ದ
ಸೋನ್‌ಕುಲ್ ಸರೋವರದ ಮೇಲಿನ ಹುಲ್ಲುಗಾವಲಿಗೆ.
ಟ್ರಕ್ಕಿನ ಬೆನ್ನಲ್ಲಿ ಜನರೇಟರು, ದುಪ್ಪಟಿಯಷ್ಟು ಪರದೆ,
ಐದು ತಗಡಿನ ಡಬ್ಬಿ.
ನಾಲ್ಕನ್ನೇ ತೆರೆಯುತ್ತಿದ್ದ.

ಮೂರನೆಯದನ್ನು ತೋರಿಸಕೂಡದೆಂದು ನರಿನ್ ಕಚೇರಿಯ ಕಾಗದ,
ಅವನ ಎದೆಜೇಬಿನಲ್ಲಿ, ಪದಕದ ಹಿಂದೆ.
ಉಪ್ಪಿನ ಋಣ, ಅನ್ನುತ್ತಿದ್ದ.

ಹಾಗಾಗಿ ಎರಡನೆಯ ರೀಲು ಮುಗಿಯುವಾಗ
ಆ ಹುಡುಗಿ ಧಣಿಯ ಲಾಯದಲ್ಲಿ,
ಸೊಂಟದಲ್ಲಿ ಬೀಗದಕೈ ಗೊಂಚಲು,
ಇವಳಷ್ಟು ನಂಬಿಗಸ್ತರಿಲ್ಲ ಎಂಬ ಧಣಿಯ ಮಾತು ಕಿವಿಯಲ್ಲಿ.
ಡಬ್ಬಿ ಬದಲಾಗಿ ಮತ್ತೆ ಕತ್ತಲಾದರೆ
ನದಿಯಾಚೆ ಕುದುರೆ ಮೇಲೆ ಒಬ್ಬಳೇ,
ಜಡೆ ಇಲ್ಲ, ಎಡಗೈಗೆ ಬಟ್ಟೆ ಸುತ್ತಿದೆ.

ಹೇಗೆ ಹೊರಬಿದ್ದಳು?
ಲಾಯಕ್ಕೆ ಬೆಂಕಿ ಇಟ್ಟಳು ಎಂದ ನನ್ನಣ್ಣ.
ಆರು ತಿಂಗಳು ಕಾವಲುನಾಯಿಗೆ ತನ್ನ ಪಾಲಿನ ಮಾಂಸ ಹಾಕಿದಳು,
ಎಂದಳು ಕುದುರೆಹಾಲು ಕರೆಯುವ ಬುರುಲ್‌ಚಾ, ಆಣೆ ಇಟ್ಟು.
ಅಜ್ಜಿ ಮಾತ್ರ ಉಣ್ಣೆ ಹಿಂಜುತ್ತ,
"ಬೀಗದಕೈ ಅವಳ ಹತ್ತಿರವೇ ಇತ್ತಲ್ಲೇ."

ಹದಿನೇಳಕ್ಕೆ ನನ್ನನ್ನು ಎತ್ತಿಕೊಂಡು ಹೋದರು.
ಬಿಳಿ ಮುಸುಕು ಹೊದಿಸಿದರು.
ಬಿದ್ದಲ್ಲೇ ಕಲ್ಲಿಗೆ ಭಾರ, ಎಂದು ನಮ್ಮ ಕಡೆ ಗಾದೆ;
ಅಮ್ಮನೂ ಅದನ್ನೇ ಹೇಳಿ ಕಳಿಸಿದಳು.
ಎರಡು ಚಳಿಗಾಲ ಆ ಮನೆಯ ನಾಯಿಗೆ
ನನ್ನ ತಟ್ಟೆಯ ಎಲುಬು.
ಮಾರ್ಚ್ ತಿಂಗಳ ಒಂದು ನಸುಕಿನಲ್ಲಿ ಅದು ಬೊಗಳಲಿಲ್ಲ.
ಬೆಂಕಿ ಇಡಲಿಲ್ಲ ನಾನು, ಜಡೆ ಕತ್ತರಿಸಲಿಲ್ಲ.
ಹಿಟ್ಟಿನ ಪೆಟ್ಟಿಗೆಯ ಬೀಗದಕೈಯನ್ನು ಮೊಳೆಗೆ ತೂಗಿ,
ನರಿನ್ ಬಸ್ಸು ಹತ್ತಿದೆ.
ಚಿಲ್ಲರೆ ಸಾಲಲಿಲ್ಲ. ಚಾಲಕ ಕಾಲಿನತ್ತ ನೋಡಿ ಸುಮ್ಮನಾದ:
ಎರಡೂ ಎಡಗಾಲಿನ ಬೂಟು.

ಆಮೇಲೆ ದೇಶಕ್ಕೇ ಬೇರೆ ಹೆಸರು, ಕಚೇರಿಗೆ ಬೇರೆ ಬೋರ್ಡು.
ಕಾಗದಕ್ಕೆ ಒಡೆಯರೇ ಇಲ್ಲದಾಗ
ಮುದುಕ ಮಂಚದಡಿಯಿಂದ ಡಬ್ಬಿ ಎಳೆದ.
ವಾಪಸು ಕಳಿಸಬೇಕಿತ್ತು. ಕಳಿಸಿರಲಿಲ್ಲ.
ಇಪ್ಪತ್ತಾರು ವರ್ಷ ಆಜ್ಞೆ ಪಾಲಿಸಿದ,
ಇಪ್ಪತ್ತಾರು ವರ್ಷ ಅದರ ಮೇಲೇ ಮಲಗಿದ,
ತಾನೂ ನೋಡದೆ.

ಮುಚ್ಚಳ ಬಿಚ್ಚಿದರೆ ಹುಳಿ ನಾತ.
ಒಣಗಿದ ಕರುಳಿನಂತೆ ಅಂಟಿಕೊಂಡ ರೀಲು.
ಉಗುರಿಗೆ ಬಂದದ್ದು ಒಂದೇ ಒಂದು ಚೌಕ.
ಕಿಟಕಿಗೆ ಹಿಡಿದ. ಕೈ ನಡುಗುತ್ತಿತ್ತು, ನಾನು ಮಣಿಕಟ್ಟು ಹಿಡಿದೆ.
ಅರ್ಧ ತೆರೆದ ಬಾಗಿಲು.
ಅವಳಿಲ್ಲ.
ಮೂಲೆಯಲ್ಲಿ ಒಂದು ಬಾಲ.

"ನಾಯಿ ಇತ್ತು ಹಾಗಾದರೆ," ಅಂದ,
ಬಹಳ ಹೊತ್ತಿನ ಮೇಲೆ.

ಬುರುಲ್‌ಚಾ ಬದುಕಿರಬೇಕಿತ್ತು.