ಙ

ಹೆಸರೇ ಹುಚ್ಚಯ್ಯ. ಹಾಗಾಗಿ
ಗುತ್ತಲು ರಸ್ತೆಯವರಿಗೆ ಹೊಸ ಮಾತು ಹುಡುಕುವ ಕಷ್ಟ ಬರಲಿಲ್ಲ.
‘ಬೆಲ್ಲದಲ್ಲಿ ಬರೀತಾನಂತೆ’ ಅಂದರು,
ಹೆಸರು ಹೇಳಿದರು, ನಕ್ಕರು.

ನಾನು ಅವರ ಏಣಿ ಹಿಡಿದವನು.
ಹನ್ನೆರಡನೇ ವಯಸ್ಸಿಗೆ, ಸುಣ್ಣ ತೀಡಿದ ನೂಲಿನ
ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಅವರ ಹಲ್ಲಲ್ಲಿ.
ನಡುವೆ ಎಳೆದು ಬಿಟ್ಟರೆ
ಟಪ್ಪೆಂದು ಗೋಡೆಗೆ ಬೀಳುತ್ತಿತ್ತು ಗೆರೆ.
ಆ ಗೆರೆಯ ಮೇಲೆ ಬಂದು ಕೂರುತ್ತಿದ್ದವು
ರಸಗೊಬ್ಬರ, ಹೊಲಿಗೆ ಯಂತ್ರ ರಿಪೇರಿ, ನಾಟಿ ಔಷಧಿ,
ಇಲ್ಲಿ ಮೂತ್ರ ಮಾಡಬಾರದು.
ಒಂದೊಂದಕ್ಕೂ ಬಲಗಡೆ ನೆರಳು ಕೊಡುತ್ತಿದ್ದರು,
ಮೂತ್ರಕ್ಕೂ.

ಆಮೇಲೆ ಫ್ಲೆಕ್ಸ್ ಬಂತು.
ಬಂತು ಅನ್ನುವುದು ಸುಳ್ಳು, ತಂದವನು ನಾನು.
ನೂರಡಿ ರಸ್ತೆಯಲ್ಲಿ ಸಾಲ ಮಾಡಿ ಮೆಷಿನ್ನು ಇಟ್ಟೆ.
ಪೂಜೆಯ ದಿನ ಬಂದು
ಇನ್ನೂ ಬೆಚ್ಚಗಿದ್ದ ಬ್ಯಾನರಿನ ಮೇಲೆ ಬೆರಳಾಡಿಸಿ
‘ಬ್ರಷ್ಷಿನ ಗೀರೇ ಇಲ್ವಲ್ಲೋ’ ಅಂದರು.
ಹೊಗಳಿದ್ದೋ ಏನೋ, ನಾನು ಕೇಳಲಿಲ್ಲ.

ಅರವತ್ತೆಂಟಕ್ಕೆ ಕೈ ನಡುಗಿತು.
ಅವರು ಕೈಯನ್ನು ಬೈಯಲಿಲ್ಲ, ಬಣ್ಣ ಬದಲಿಸಿದರು.
ಕಬ್ಬಿನ ಸಿಪ್ಪೆ ನೆನೆಸಿ, ರುಬ್ಬಿ, ಹಾಳೆ ಮಾಡಿದರು:
ಮೂರೇ ದಿನಕ್ಕೆ ಬೂಷ್ಟು.
ಆಲೆಮನೆಯ ಕೊಪ್ಪರಿಗೆ ತಳದಿಂದ ಮಸಿ ಕೆರೆದು ತಂದರು:
ನಡುಮನೆ ಗೋಡೆ ನೋಡಿ
ಸೊಸೆ ರತ್ನಮಾಲ ಎರಡು ದಿನ ಮಾತು ಬಿಟ್ಟಳು.
ಜೋನಿಬೆಲ್ಲ ಚೆಲ್ಲಿದ್ದು ಮಾತ್ರ ಕೈ ತಪ್ಪಿ.
ಬೆಳಗ್ಗೆ ಎದ್ದು ನೋಡಿದರೆ ಚೆಲ್ಲಿದ್ದು ಕಪ್ಪಾಗಿತ್ತಂತೆ,
ಕಪ್ಪು ನಡೆಯುತ್ತಿತ್ತಂತೆ.

ಮೊನ್ನೆ ಭಾನುವಾರ ನನ್ನನ್ನು ಕರೆಸಿದರು.
ಹಿತ್ತಿಲ ಗೋಡೆಗೆ ಹೊಸ ಸುಣ್ಣ.
ಸಕ್ಕರೆ ಕಾರ್ಖಾನೆ ಕಡೆಯಿಂದ ಹುಳಿಹುಳಿ ಗಾಳಿ.
ಒಂದು ಚೊಂಬು ಜೋನಿಬೆಲ್ಲ, ಹಳೇ ಅಳಿಲುಗೂದಲ ಬ್ರಷ್ಷು.
ನಡುಗುವ ಕೈ ನಡುಗುತ್ತಲೇ ಏನನ್ನೋ ಬರೆಯಿತು,
ಬಿಳಿಯ ಮೇಲೆ ಕಂಡೂ ಕಾಣದ ಹಸಿ.

‘ಕೂತ್ಕೊ. ಬಣ್ಣ ಇನ್ನೂ ಬರ್ಬೇಕು.’
‘ಎಲ್ಲಿಂದ?’
‘ಅದ್ರ ಮನೆಯಿಂದ ಕಣ್ಲಾ.’

ಮೊದಲು ಒಂದು ಗೊದ್ದ ಬಂತು, ಗೋಡೆಯ ಬುಡದಲ್ಲಿ
ಮೀಸೆ ಆಡಿಸುತ್ತ. ಮೂಸಿತು, ಹೋಯಿತು.
ಕಾಫಿ ಕುಡಿದೆವು.
ಆಮೇಲೆ ಹತ್ತು, ಆಮೇಲೆ ಸಾಲು, ಸಾಲಿನ ಹಿಂದೆ ಸಾಲು,
ಅವರ ಕೈ ಎಲ್ಲಿ ನಡುಗಿತ್ತೋ
ಅಲ್ಲೆಲ್ಲ ಅಷ್ಟಷ್ಟೇ ವಾಲಿಕೊಂಡು.
ಬಲಗಡೆಯ ಅಂಚಿಗೆ ಕೊಬ್ಬರಿ ಹಾಲು ಸವರಿದ್ದರಂತೆ,
ಅಲ್ಲಿಗೆ ಸಣ್ಣ ಕೆಂಪಿರುವೆ ಬಂದು ನೆರಳಾದವು.
ಒಂಬತ್ತು ಗಂಟೆಗೆ ಅಕ್ಷರ ಎದ್ದು ನಿಂತಿತು,
ಒಳಗೆಲ್ಲ ಕುದಿಯುತ್ತ:

ಙ.

‘ಐವತ್ತು ವರ್ಸ ಬರ್ದೆ.
ಒಬ್ಬ, ಒಬ್ಬ ಅಂಗ್ಡಿಯೋನು ಇದನ್ನ ಬರ್ಸಿದ್ನಾ?
ಮೇಷ್ಟ್ರು ಬೆತ್ತ ಹಿಡ್ಕಂಡು ತಿದ್ದಿಸಿದ್ರು.
ಆಮೇಕೆ ಎಲ್ಲೂ ಕೆಲ್ಸ ಸಿಕ್ನಿಲ್ಲ, ಪಾಪ, ಇದ್ಕೆ.’

ಹೋದ ವಾರ ಞ ಬರೆದಾಗ
ಪಕ್ಕದ ಮನೆ ಕರು ಬಂದು ಅರ್ಧ ನೆಕ್ಕಿತಂತೆ.
‘ಓದ್ಲಿ ಬುಡು’ ಅಂದರು.

ನಾನು ಫೋನು ತೆಗೆದು ಫೋಟೋ ಹಿಡಿದೆ. ತೋರಿಸಿದೆ.
ಕನ್ನಡಕ ಏರಿಸಿ ನೋಡಿದರು, ಎಲ್ಲ ಇರುವೆ
ನಿಂತಲ್ಲೇ ನಿಂತಿದ್ದವು.
‘ಇದು ನಿನ್ ಮೆಷಿನ್ನಿನ ಕೆಲ್ಸ’ ಅಂದರು,
ಬೇಜಾರೇನೂ ಇಲ್ಲದೆ, ಫೋನು ವಾಪಸು ಕೊಟ್ಟು.

ಹತ್ತೂವರೆಗೆ ಅಕ್ಷರದ ಹೊಟ್ಟೆ ತೆಳ್ಳಗಾಯಿತು,
ಬೆನ್ನು ಬಿಟ್ಟುಕೊಂಡಿತು,
ಚೂರುಚೂರೇ ಇಳಿದು ಕಲ್ಲಿನ ಸಂದಿಗೆ ಹೊರಟಿತು.
ನೆರಳು ಮಾತ್ರ ಸ್ವಲ್ಪ ಹೊತ್ತು ಉಳಿದಿತ್ತು.

‘ನಾಳಿದ್ದು ಱ. ಮೇಲ್ಗಡೆ ಬರೀಬೇಕು.
ಏಣಿ ಹಿಡಿಯಾಕೆ ಬತ್ತೀಯಾ?’

ನಾಳಿದ್ದು ನನಗೆ ಇನ್ನೂರು ಅಡಿ ಬ್ಯಾನರು,
ಯಾರದೋ ಹುಟ್ಟುಹಬ್ಬ. ಹೇಳಲಿಲ್ಲ.
ನನ್ನ ಮುಂಗೈಯ ಮೇಲೆ ದಾರಿ ತಪ್ಪಿದ ಒಂದು ಗೊದ್ದ,
ಬಾಯಲ್ಲಿ ಙ-ದ ಒಂದು ಹರಳು,
ಹಿಂದಕ್ಕೂ ಮುಂದಕ್ಕೂ ಓಡಾಡುತ್ತಿತ್ತು.
ಕೈ ಚಾಚಿ ಗೋಡೆಗೆ ಆನಿಸಿದೆ,
ಅದು ಇಳಿಯುವವರೆಗೂ.